ಆಟಿಸಂ ಇರುವ ಮಗುವಿಗೆ ಹೈಸ್ಕೂಲು ಹುಡುಕುವಾಗ

ಬೆಂಗಳೂರಿನ ಅಂಚಿನ ಹೆಬ್ಬಗೋಡಿ, ಅನಂತನಗರ, ತಿರುಪಾಳ್ಯ, ಕಮ್ಮಸಂದ್ರದ ಸುತ್ತಮುತ್ತ ಶಾಲೆಗಳಿಗೆ ಬರವಿಲ್ಲ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ದುಡಿಯಲು ಬಂದು ನೆಲೆಸಿದವರ ಮಕ್ಕಳಿಗೆ ರಾಜ್ಯ ಪಠ್ಯಕ್ರಮ, ಸಿಬಿಎಸ್‌ಇ, ಐಸಿಎಸ್‌ಇ ಎಲ್ಲವೂ ಸಿಗುತ್ತವೆ. ಆಟಿಸಂ ಇರುವ ಮಗು ಏಳನೇ ತರಗತಿ ಮುಗಿಸುವಾಗ ಮಾತ್ರ ತಂದೆತಾಯಿ ಇದೇ ಶಾಲೆಗಳ ನಡುವೆ ದಿಕ್ಕು ತೋಚದೆ ನಿಲ್ಲುತ್ತಾರೆ.

ಅದಕ್ಕೆ ಕಾರಣವಿದೆ. ಏಳರವರೆಗೆ ಮಗುವಿನ ಸ್ವಭಾವ ಬಲ್ಲ ಒಬ್ಬಿಬ್ಬರು ಮೇಡಂ ಇರುತ್ತಾರೆ. ಕಿವಿ ಮುಚ್ಚಿಕೊಂಡರೆ ಯಾಕೆಂದು ಅವರಿಗೆ ಗೊತ್ತು. ಎಂಟನೇ ತರಗತಿಯಲ್ಲಿ ವಿಷಯಕ್ಕೊಬ್ಬ ಮೇಷ್ಟ್ರು, ಪೀರಿಯಡ್ಡಿಗೊಮ್ಮೆ ಗಂಟೆ, ಲ್ಯಾಬು, ಬೋರ್ಡಿನಿಂದ ಬೇಗಬೇಗ ಬರೆದುಕೊಳ್ಳಬೇಕಾದ ನೋಟ್ಸು. ಸರ್ಕಾರಿ ಶಾಲೆಯ ಮಕ್ಕಳಿಗಂತೂ ಎಷ್ಟೋ ಕಡೆ ಕಟ್ಟಡವೇ ಬದಲಾಗುತ್ತದೆ. ಇದರ ಜತೆಗೆ ಮೈ ಬೆಳೆಯುವ ವಯಸ್ಸು, ಸಹಪಾಠಿಗಳ ಕೀಟಲೆ. ಶಾಲೆಯಲ್ಲಿ ದಿನವಿಡೀ ತೆಪ್ಪಗಿದ್ದು ಮನೆಗೆ ಬಂದು ಕುಸಿಯುವ ಮಕ್ಕಳಿದ್ದಾರೆ. ‘ಇಲ್ಲಿ ಏನೂ ತೊಂದರೆಯಿಲ್ಲ’ ಎಂದು ಶಾಲೆ ಹೇಳಿತೆಂದ ಮಾತ್ರಕ್ಕೆ ತೊಂದರೆಯಿಲ್ಲ ಎಂದು ನಂಬಬಾರದು.

ಮೊದಲು ಕಾಗದಪತ್ರ. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ರಕ್ಷಣೆ 14 ವರ್ಷ, ಎಂಟನೇ ತರಗತಿಯವರೆಗೆ. ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿನಲ್ಲಿ ಓದುವ ಮಗುವಿಗೆ ಒಂಬತ್ತರಿಂದ ಫೀಸು ಶುರುವಾಗುತ್ತದೆ ಎಂಬುದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಇದಕ್ಕಿಂತ ಮುಂದಕ್ಕೆ ಹೋಗುತ್ತದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಅದರ 31ನೇ ಸೆಕ್ಷನ್ ಕೊಡುತ್ತದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುವುದು 16ನೇ ಸೆಕ್ಷನ್. ಆಟಿಸಂ ಆ ಕಾಯ್ದೆಯ ಪಟ್ಟಿಯಲ್ಲಿ ಹೆಸರು ಹೇಳಿಯೇ ಸೇರಿದೆ. ಆದರೆ ಇದರಲ್ಲಿ ಬಹಳಷ್ಟು ಕೈಗೆ ಬರಲು ವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಬೇಕು. ಆಟಿಸಂನ ಮಟ್ಟ ಅಳೆಯಲು ಐಎಸ್‌ಎಎ ಎಂಬ ಭಾರತೀಯ ಮಾಪನವನ್ನು ಬಳಸುತ್ತಾರೆ. ನಿಮ್ಹಾನ್ಸ್‌ನಲ್ಲಿ ಈ ತಪಾಸಣೆ ಆಗುತ್ತದೆ. ಹಳೆಯ ಪ್ರಮಾಣಪತ್ರವಿದ್ದರೆ ಅವಧಿ ಮುಗಿದಿದೆಯೇ ಎಂದು ಆರನೇ ತರಗತಿಯಲ್ಲೇ ನೋಡಿಕೊಳ್ಳಿ. ‘ಸರ್ಟಿಫಿಕೇಟ್ ಮಾಡಿಸಿದರೆ ಹಣೆಪಟ್ಟಿ ಅಂಟುತ್ತದೆ’ ಎಂದು ಹಿಂಜರಿಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಹಿಂಜರಿಕೆಯ ಬೆಲೆಯನ್ನು ಹತ್ತನೇ ತರಗತಿಯ ಪರೀಕ್ಷಾ ಕೊಠಡಿಯಲ್ಲಿ ಮಗು ತೆರಬೇಕಾಗುತ್ತದೆ.

ಇನ್ನು ಭಾಷೆ. ನಮ್ಮ ಭಾಗದಲ್ಲಿ ಇದೇ ದೊಡ್ಡ ಗಂಟು. ಮನೆಯಲ್ಲಿ ತೆಲುಗೋ ತಮಿಳೋ ಹಿಂದಿಯೋ, ರಸ್ತೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ಮಾತೇ ಕಷ್ಟವಾದ ಮಗುವಿನ ಮೇಲೆ ಇಷ್ಟು ಭಾಷೆಗಳ ಭಾರ. 2025ರ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 325 ಮೂರು ಭಾಷೆಗಳವೇ ಆಗಿದ್ದವು. ದ್ವಿತೀಯ, ತೃತೀಯ ಭಾಷೆಯಿಂದ ವಿನಾಯಿತಿ, ಹೆಚ್ಚುವರಿ ಸಮಯ, ಸಹಾಯಕ ಬರಹಗಾರ ಇವೆಲ್ಲ 2016ರ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇವೆ. ಎಸ್ಸೆಸ್ಸೆಲ್ಸಿ ಮಂಡಳಿಗೆ ಅರ್ಜಿ ಹೋಗುವುದು ಮುಖ್ಯೋಪಾಧ್ಯಾಯರ ಮೂಲಕ. ಹಾಗಾಗಿ ‘ಹಿಂದಿನ ವರ್ಷಗಳಲ್ಲಿ ಯಾವುದಾದರೂ ಮಗುವಿಗೆ ಈ ಸೌಲಭ್ಯ ಕೊಡಿಸಿದ್ದೀರಾ, ಯಾವ ತಿಂಗಳಲ್ಲಿ ಅರ್ಜಿ ಹಾಕಿದಿರಿ?’ ಎಂದು ಅಡ್ಮಿಷನ್ನಿಗೆ ಮುಂಚೆಯೇ ಕೇಳಿ. ಸಿಬಿಎಸ್‌ಇಯಲ್ಲಿ ಒಂದೇ ಭಾಷೆ ಓದಲು ಅವಕಾಶವಿದೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಮಯ ಸಿಗುತ್ತದೆ. ಆದರೆ ಅಲ್ಲಿ ಬೋರ್ಡಿನ ನೋಂದಣಿ ಒಂಬತ್ತರಲ್ಲೇ ಆಗುವುದರಿಂದ ವಿಷಯಗಳ ಆಯ್ಕೆ ಎಂಟರಲ್ಲೇ ತೀರ್ಮಾನವಾಗಿರಬೇಕು. ವಿನಾಯಿತಿ ಸಿಗುತ್ತದೆಂದು ಕನ್ನಡವನ್ನೇ ಬಿಡಿಸುವ ಮುಂಚೆ ಮಾತ್ರ ಒಂದು ಗಳಿಗೆ ಯೋಚಿಸಿ. ಅಂಗಡಿ, ಬಸ್ಸು, ಮುಂದಿನ ಕೆಲಸ ಎಲ್ಲಕ್ಕೂ ಬೇಕಾದ ಮಾತದು. ಪರೀಕ್ಷೆಗೆ ಬೇಡವಾದರೂ ಕಿವಿಗೆ ಬೀಳುತ್ತಿರಲಿ.

ಶಾಲೆ ನೋಡಲು ಹೋಗುವುದಾದರೆ ಓಪನ್ ಹೌಸ್ ದಿನ ಬೇಡ. ಮಾಮೂಲಿ ಕೆಲಸದ ದಿನ ಬೆಳಗಿನ ಪ್ರಾರ್ಥನೆಗೆ ಹೋಗಿ, ಊಟದ ಬಿಡುವಿನವರೆಗೆ ಇರಲು ಅನುಮತಿ ಕೇಳಿ. ಮೈಕು ಎಷ್ಟು ಜೋರು, ಮೆಟ್ಟಿಲಲ್ಲಿ ನೂಕುನುಗ್ಗಲು ಎಷ್ಟು, ಶೌಚಾಲಯ ಹೇಗಿದೆ, ಬಿಡುವಿನಲ್ಲಿ ಮೈದಾನ ನೋಡಿಕೊಳ್ಳುವವರು ಯಾರು. ‘ಮಗು ತಡೆಯಲಾರದೆ ಕಿರುಚಿದರೆ ಏನು ಮಾಡುತ್ತೀರಿ?’ ಎಂದು ಪ್ರಿನ್ಸಿಪಾಲರ ಜತೆಗೆ ಪಿ.ಟಿ. ಮೇಷ್ಟ್ರನ್ನೂ ಆಯಾಳನ್ನೂ ಕೇಳಿ. ಮೂವರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರೆ ಆ ಶಾಲೆಯಲ್ಲಿ ನಿಜಕ್ಕೂ ಒಂದು ವ್ಯವಸ್ಥೆಯಿದೆ ಎಂದರ್ಥ. ‘ತಕ್ಷಣ ನಿಮಗೆ ಫೋನ್ ಮಾಡುತ್ತೇವೆ’ ಎನ್ನುವುದೊಂದೇ ಉತ್ತರವಾದರೆ, ಶಿಫ್ಟಿನಲ್ಲಿ ದುಡಿಯುವ ತಂದೆತಾಯಿಗೆ ಆ ಶಾಲೆ ಆಗಿಬರುವುದಿಲ್ಲ. ಸ್ಪೆಷಲ್ ಎಜುಕೇಟರ್ ಇದ್ದಾರೆಂದರೆ ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ, ಅವರ ಕೈಕೆಳಗೆ ಎಷ್ಟು ಮಕ್ಕಳು ಎಂದು ವಿಚಾರಿಸಿ. ಪ್ರಾಥಮಿಕದಲ್ಲಿ 10, ಅದರ ಮೇಲಿನ ತರಗತಿಗಳಲ್ಲಿ 15 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ತರಗತಿಯಲ್ಲಿ ಮಗುವಿನ ಜತೆಗೇ ಇರುವ ಶ್ಯಾಡೋ ಟೀಚರನ್ನು ನೀವೇ ಇಟ್ಟುಕೊಳ್ಳಿ ಎಂದರೆ ಸಂಬಳ ಯಾರದು, ಅವರು ರಜೆ ಹಾಕಿದ ದಿನ ಮಗು ಶಾಲೆಗೆ ಬರಬಹುದೇ ಎಂಬುದು ಬರಹದಲ್ಲಿರಲಿ.

ದಾರಿಯನ್ನೂ ಲೆಕ್ಕ ಹಾಕಿ. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ, ಹಾರ್ನುಗಳ ನಡುವೆ ಗಂಟೆಗಟ್ಟಲೆ ಕೂತು ಬಂದ ಮಗು ಮೊದಲ ಪೀರಿಯಡ್ಡಿಗೆ ಮುಂಚೆಯೇ ಸೋತಿರುತ್ತದೆ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಬಂದ ಮೇಲೆ ಹೆಬ್ಬಗೋಡಿಯಿಂದ ಜಯನಗರದ ಕಡೆಯ ಶಾಲೆಗಳೂ ಹತ್ತಿರವಾದಂತೆ ಕಾಣುತ್ತವೆ. ಜನಜಂಗುಳಿಯ ಹೊತ್ತಿನಲ್ಲೇ ಮಗುವನ್ನು ಕರೆದುಕೊಂಡು ಹೋಗಿ ನೋಡಿ ನಿರ್ಧರಿಸಿ. ನನ್ನನ್ನು ಕೇಳಿದರೆ, ಹೆಸರುವಾಸಿಯಾದ ದೂರದ ಶಾಲೆಗಿಂತ ನಡೆದು ಹೋಗುವ ದೂರದ, ಮಾತು ಕೇಳುವ ಸಾಧಾರಣ ಶಾಲೆಯೇ ಮೇಲು.

ಯಾವ ತರಗತಿಯೂ ಒಗ್ಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) ಇದೆ. 14 ತುಂಬಿದ ಮಗು ಒಂದು ಭಾಷೆಯೂ ಸೇರಿ ಐದು ವಿಷಯ ಆರಿಸಿಕೊಳ್ಳಬಹುದು. ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ, ಒಂದೊಂದೇ ವಿಷಯವಾಗಿ ಪಾಸು ಮಾಡಿಕೊಂಡು ಹೋಗಬಹುದು. ಇದು ಕೈಲಾಗದವರ ಬೋರ್ಡಲ್ಲ, ಹತ್ತನೇ ತರಗತಿಗೆ ಸಮಾನವಾದ ಮಾನ್ಯತೆ ಇದಕ್ಕಿದೆ. ಆದರೆ ಪರೀಕ್ಷೆ ಸಿಕ್ಕಿತೆಂದು ಗೆಳೆಯರು, ಆಟ, ದಿನಚರಿ ತಾವಾಗಿ ಸಿಗುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು.

ಸರ್ಕಾರಿ ಶಾಲೆಗೆ ಸೇರಿಸುವವರು ಆನೇಕಲ್‌ನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಮತ್ತು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಭೇಟಿ ಮಾಡಿ. ಶಾಲೆಗೆ ಬರಲಾಗದಷ್ಟು ಕಷ್ಟವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣದ ದಾರಿ ತೆರೆಯುವುದೂ ಅವರಿಂದಲೇ. ಯಾವುದೇ ಶಾಲೆ ‘ಇಂಥ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ’ ಎಂದರೆ ಬಾಯಿಮಾತಿಗೆ ವಾಪಸು ಬರಬೇಡಿ. ಕಾರಣ ಬರೆದುಕೊಡಲು ಕೇಳಿ, ಅದನ್ನು ಬಿಇಒಗೂ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೂ ಕಳಿಸಿ.