ಹಾಲಿನಲ್ಲಿ ಮದ್ದು, ಮದ್ದಿಗೆ ಸೂಜಿಗಲ್ಲು

ಕೆಚ್ಚಲಬಾವು ಬಂದ ಹಸುವಿಗೆ ಮೊಲೆತೊಟ್ಟಿನ ಮೂಲಕ ಪೆನಿಸಿಲಿನ್ ಏರಿಸುವುದು ಈಗ ಸಾಮಾನ್ಯ ಚಿಕಿತ್ಸೆಯಾಗಿದೆ. ಆ ಬಳಿಕ ಗೊತ್ತಾದಷ್ಟು ದಿನಗಳವರೆಗೆ ಹಾಲನ್ನು ಮಾರತಕ್ಕದ್ದಲ್ಲವೆಂಬುದು ನಿಯಮ. ಆದರೆ ದಿನದ ಹಾಲೇ ದಿನದ ಅನ್ನವಾಗಿರುವ ಬಡವನು ಅದನ್ನು ಚೆಲ್ಲುವನೇ? ಅಂತಹ ಹಾಲು ಮೊಸರಾಗದೆ ಹೋಗುವುದುಂಟು. ಹೆಪ್ಪಿನ ಜೀವಾಣುಗಳನ್ನೇ ಮದ್ದು ಅಡಗಿಸಿರುತ್ತದೆ. ಗೃಹಿಣಿಯು ಹೆಪ್ಪನ್ನು ದೂರುವಳು! ಕಾಯಿಸಿದ ಮಾತ್ರಕ್ಕೆ ಈ ಶೇಷವು ಪೂರ್ಣವಾಗಿ ನಾಶವಾಗುವುದಿಲ್ಲ. ಪೆನಿಸಿಲಿನ್ ಒಗ್ಗದ ದೇಹದವರಿಗೆ ಇದರಿಂದ ಅಪಾಯ. ಅದಕ್ಕಿಂತ ದೊಡ್ಡ ಭಯವೆಂದರೆ, ಅಲ್ಪಸ್ವಲ್ಪವಾಗಿ ಮದ್ದನ್ನುಂಡ ರೋಗಾಣುಗಳು ಮುಂದೆ ಅದಕ್ಕೆ ಮಣಿಯದಂತಾಗುವುದು.

ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಮದ್ದು ಲೀಟರು ಹಾಲಿನಲ್ಲಿ 100 ಮೈಕ್ರೊಗ್ರಾಂ ಮೀರಬಾರದೆಂದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯು ವಿಧಿಸಿದೆ. ಅದು ಗ್ರಾಮಿನ ಹತ್ತುಸಾವಿರದಲ್ಲೊಂದು ಪಾಲು! ಕೊಬ್ಬು ಪ್ರೋಟೀನುಗಳ ನಡುವೆ ಇಷ್ಟನ್ನು ಹುಡುಕುವ ಬಗೆ ಹೇಗೆ? ಚೆಕ್ ದೇಶದ ಶಫಾರಿಕೋವಾ ಮತ್ತು ಶಫಾರಿಕ್ ಎಂಬ ವಿಜ್ಞಾನಿಗಳು ನೀರಿನೊಳಗಣ ಬಣ್ಣಗಳನ್ನು ಹಿಡಿಯಲು 1999ರಲ್ಲಿ ಪ್ರಕಟಿಸಿದ ಉಪಾಯವೇ ಇಲ್ಲಿಯೂ ನೆರವಾಗಿದೆ. ಕಾಂತಗುಣವುಳ್ಳ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಹುಡಿಗೆ ಮದ್ದನ್ನು ಹಿಡಿಯತಕ್ಕ ಲೇಪವನ್ನು ಕೊಟ್ಟು, ಕೊಬ್ಬು ಪ್ರೋಟೀನುಗಳನ್ನು ಬೇರ್ಪಡಿಸಿದ ಹಾಲಿನಲ್ಲಿ ಕದಡುವರು. ಮದ್ದು ಹುಡಿಗೆ ಅಂಟುತ್ತದೆ. ಪಾತ್ರೆಯ ಹೊರಗೆ ಸೂಜಿಗಲ್ಲನ್ನು ಹಿಡಿದರೆ ಹುಡಿಯೆಲ್ಲ ಒಂದು ಬದಿಗೆ ಸೇರುವುದು. ದ್ರವವನ್ನು ಬಸಿದು, ಹುಡಿಯನ್ನು ತೊಳೆದು, ಮೆಥನಾಲಿನಂತಹ ದ್ರಾವಕದಲ್ಲಿ ಮದ್ದನ್ನು ಬಿಡಿಸಿ ಅಳೆಯುವ ಯಂತ್ರಕ್ಕೆ ಒಪ್ಪಿಸುವರು. ಸೋಸುವ ಶ್ರಮ ಉಳಿಯಿತು.

ಆದರೆ ಆ ಯಂತ್ರವು ಬೆಲೆಯುಳ್ಳದ್ದು, ನಗರದ್ದು. ಮಾದರಿಯು ಅಲ್ಲಿಗೆ ತಲುಪುವಷ್ಟರಲ್ಲಿ ಹಳ್ಳಿಯ ಹಾಲು ಕುಡಿದು ಮುಗಿದಿರುತ್ತದೆ. ಚೆಲ್ಲಬೇಕಾದ ಹಾಲಿನ ಬೆಲೆಯನ್ನು ಹಸು ಸಾಕಿದವನಿಗೆ ತುಂಬಿಕೊಡತಕ್ಕವರು ಯಾರೆಂಬುದನ್ನೂ ಅಧಿಕಾರಿಗಳು ಯೋಚಿಸಬೇಕಾಗಿದೆ.