ತಲಪಾಡಿ ದಾಟಿದ ಮೇಲೆ
ಒಂದು ದಿನದ ಬಿಡುವಿಗೆ ಎರಡು ದಾರಿಗಳು

ಭಾನುವಾರ ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ತಲಪಾಡಿಯಲ್ಲಿ ಅರ್ಧ ತಾಸು ನಿಂತರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಮಂಗಳೂರಿನಿಂದ ಕಾರುಗಳು ಸಾಲುಗಟ್ಟಿ ದಕ್ಷಿಣಕ್ಕೆ ಓಡುತ್ತವೆ. ಹಿಂದಿನ ಸೀಟಿನಲ್ಲಿ ಮಕ್ಕಳು, ಬುತ್ತಿಚೀಲ, ಚೆಂಡು, ಟೊಪ್ಪಿ. ಇವರಲ್ಲಿ ಹೆಚ್ಚಿನವರು ಬೇಕಲ ಕೋಟೆಗೆ ಹೊರಟವರು. ಅದೇ ಹೊತ್ತಿಗೆ ನಮ್ಮ ಕಡೆಯ ಕಾರುಗಳು ಉತ್ತರಕ್ಕೆ ಓಡುತ್ತವೆ. ಇವರು ಪಣಂಬೂರಿನ ಕಡಲತೀರ, ಪಿಲಿಕುಳ, ಸಂಜೆಗೆ ಪೇಟೆಯ ದೊಡ್ಡ ಅಂಗಡಿಗಳೆಂದು ಹೊರಟವರು. ಎರಡು ಸಾಲುಗಳೂ ಒಂದನ್ನೊಂದು ದಾಟಿ ಹೋಗುತ್ತವೆ. ನಡುವಿನ ನೆಲದಲ್ಲಿ ಇಳಿಯುವವರು ಕಡಿಮೆ.

ಕಳೆದ ದೀಪಾವಳಿಯ ರಜೆಯಲ್ಲಿ ಮಂಗಳೂರಿನಲ್ಲಿರುವ ನಮ್ಮ ನೆಂಟರೊಬ್ಬರು ಮಕ್ಕಳೊಡನೆ ಬೇಕಲ ನೋಡಿಕೊಂಡು, ಕತ್ತಲಾದ ಮೇಲೆ ನಮ್ಮ ಮನೆಗೆ ಬಂದರು. ಊಟಕ್ಕೆ ಕುಳಿತಾಗ ಎಂಟು ವರ್ಷದ ಹುಡುಗನನ್ನು, "ದಾರಿಯಲ್ಲಿ ಎಂತ ಎಲ್ಲ ನೋಡಿದೆ?" ಎಂದು ಕೇಳಿದೆ. "ದಾರಿಯಲ್ಲಿ ಎಂತ ಉಂಟು? ರೋಡು ಮಾತ್ರ" ಎಂದ. ನಗು ಬಂತು. ಆದರೆ ನಮ್ಮದೇ ಮನೆಯ ಹುಡುಗಿ, ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿ ಓದುವವಳು, "ನಾನೂ ಎಲ್ಲಿಯೂ ಇಳಿದು ನೋಡಿಲ್ಲ" ಎಂದಾಗ ನಗು ನಿಂತಿತು. ಗೋವಿಂದ ಪೈಗಳ ಪಾಠವನ್ನು ಬಾಯಿಪಾಠ ಮಾಡಿದ ಮಗುವಿಗೆ ಅವರ ಮನೆ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿಯಲ್ಲಿದೆಯೆಂದು ನಾವು ಯಾರೂ ಹೇಳಿರಲಿಲ್ಲ.

ಅಂದು ಮನೆಯಲ್ಲಿ ಕುಳಿತು ಬರೆದ ಎರಡು ದಾರಿಗಳ ಪಟ್ಟಿಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಮಂಗಳೂರಿನಿಂದ ಹೊರಟವರಿಗೂ ಕಾಸರಗೋಡಿನಿಂದ ಹೊರಟವರಿಗೂ ಇದು ಹೊಂದುತ್ತದೆ. ಕಾಸರಗೋಡಿನವರು ಮಂಜೇಶ್ವರಕ್ಕೆ ಮೊದಲು ಹೋಗಿ ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಆಯಿತು.

ನಮ್ಮ ಪಟ್ಟಣ

ಮಂಗಳೂರು ನಮಗೆ ಪರವೂರಲ್ಲ. 1956ರ ನವೆಂಬರ್ 1ರಂದು ಕೇರಳ ರಾಜ್ಯ ರಚನೆಯಾಗುವವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಮಾಡಿದ ಶಿಫಾರಸು ಕಾಗದದಲ್ಲೇ ಉಳಿಯಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟಾದರೂ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಜವುಳಿಗೆ ನಾವು ಹೋಗುವುದು ಮಂಗಳೂರಿಗೇ. 2020ರ ಮಾರ್ಚ್‌ನಲ್ಲಿ ಮಹಾಮಾರಿಯ ಕಾಲಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಆ ದಿನಗಳಲ್ಲಿ ಐವತ್ತು ಕಿಲೋಮೀಟರ್ ಎಷ್ಟು ದೂರವೆಂದು ತಿಳಿಯಿತು. ದಾರಿ ತೆರೆದಿರುವ ಇಂದಿನ ದಿನಗಳಲ್ಲಿ ಅದನ್ನು ಬಿಡುವಿಗೂ ಬಳಸಿಕೊಳ್ಳಬೇಡವೇ?

ಮೊದಲ ದಾರಿ: ಕಡಲ ಬದಿ

ಮಂಗಳೂರಿನಿಂದ ಏಳಕ್ಕೆ ಹೊರಟವರು ಎಂಟರೊಳಗೆ ಮಂಜೇಶ್ವರದಲ್ಲಿ ಇರಬಹುದು. ರಾಷ್ಟ್ರಕವಿ ಗೋವಿಂದ ಪೈಗಳ (1883-1963) ಮನೆ ಈಗ 'ಗಿಳಿವಿಂಡು' ಎಂಬ ಹೆಸರಿನ ಸ್ಮಾರಕ. 1930ರಲ್ಲಿ ಹೊರಬಂದ ಅವರ ಕವನ ಸಂಕಲನದ ಹೆಸರದು. ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ನೀಡಿದ್ದು 1949ರಲ್ಲಿ. ಅಂದರೆ ಈ ನೆಲ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ. ಮಕ್ಕಳಿಗೆ ಇಲ್ಲಿ ಹೇಳಬೇಕಾದ ಮಾತು ಒಂದಿದೆ. ಪೈಗಳ ಮನೆಮಾತು ಕೊಂಕಣಿ. ಊರಿನ ಮಾತು ತುಳು. ಕಲಿತ ಭಾಷೆಗಳು ಹಲವು. ಬರೆದದ್ದು ಕನ್ನಡದಲ್ಲಿ. ಏಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ', ಬುದ್ಧನ ಕೊನೆಯ ದಿನಗಳನ್ನು ಕುರಿತು 'ವೈಶಾಖಿ' ಬರೆದ ಕವಿ ಈ ಚಿಕ್ಕ ಊರಿನಲ್ಲೇ ಕುಳಿತಿದ್ದರು. ನಾಲ್ಕು ಭಾಷೆ ಕೇಳುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ. ಸ್ಮಾರಕ ತೆರೆದಿರುವ ದಿನ, ವೇಳೆಗಳನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಮಂಜೇಶ್ವರದಲ್ಲೇ ಗೌಡ ಸಾರಸ್ವತರ ಅನಂತೇಶ್ವರ ದೇವಸ್ಥಾನವಿದೆ. ಹೊಳೆಯ ಆಚೆ ಬಂಗ್ರ ಮಂಜೇಶ್ವರದಲ್ಲಿ ಜೈನ ಬಸದಿಗಳಿವೆ. ಮೂಡಬಿದ್ರೆಯ ಬಸದಿಗಳಿಗೆ ವರ್ಷಕ್ಕೊಮ್ಮೆ ಹೋಗುವ ನಮ್ಮವರಲ್ಲಿ ಇವನ್ನು ಕಂಡವರು ಎಷ್ಟು ಮಂದಿ?

ಅಲ್ಲಿಂದ ಹೆದ್ದಾರಿ ಹಿಡಿದು ಉಪ್ಪಳ, ಬಂದ್ಯೋಡು ದಾಟಿದರೆ ಕುಂಬಳೆ. ಪೇಟೆ ಸಿಗುವ ಮೊದಲು ಆರಿಕ್ಕಾಡಿಯಲ್ಲಿ ಹೆದ್ದಾರಿಯ ಬದಿಗೇ ಕೆಳದಿಯವರ ಕಾಲದ ಕೋಟೆಯ ಅವಶೇಷವಿದೆ. ಹೆದ್ದಾರಿಯಲ್ಲಿ ವಾಹನಗಳ ವೇಗ ಎಷ್ಟೆಂದರೆ, ಹೇಳದಿದ್ದರೆ ಅದು ಕಣ್ಣಿಗೇ ಬೀಳದು. ಕುಂಬಳೆಯೆಂದರೆ ಗೋಪಾಲಕೃಷ್ಣನ ದೇವಾಲಯ, ಕುಂಬಳೆಯೆಂದರೆ ಪಾರ್ತಿಸುಬ್ಬ. ತೆಂಕುತಿಟ್ಟು ಯಕ್ಷಗಾನದ ಪಿತಾಮಹನೆಂದು ನಾವು ಕರೆಯುವ ಆ ಕವಿಯ ರಾಮಾಯಣ ಪ್ರಸಂಗಗಳು ಇಂದಿಗೂ ರಂಗದ ಮೇಲೆ ಜೀವಂತವಾಗಿವೆ. ಆಟ ನೋಡುವ ಮನೆಯವರು ಮಕ್ಕಳಿಗೆ ಈ ಹೆಸರನ್ನು ಇಲ್ಲೇ ಹೇಳಿಕೊಟ್ಟರೆ ಚಂದ.

ಕುಂಬಳೆಯಿಂದ ಬದಿಯಡ್ಕದ ರಸ್ತೆಯಲ್ಲಿ ಸ್ವಲ್ಪ ಹೋಗಿ ಒಳಗೆ ತಿರುಗಿದರೆ ಅನಂತಪುರ. ಮುರಕಲ್ಲಿನ ಬೋಳು ಗುಡ್ಡೆಯ ನಡುವೆ ಚೌಕದ ಕೆರೆ. ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ದಾಟುವುದಕ್ಕೆ ಸಣ್ಣ ಕಾಲುಸಂಕ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನವೆಂದು ನಂಬಿಕೆ. ಬಿಲ್ವಮಂಗಲ ಸ್ವಾಮಿಗಳಿಗೆ ಬಾಲಕನ ರೂಪದಲ್ಲಿ ಕಾಣಿಸಿದ ದೇವರು ಮಾಯವಾದನೆನ್ನುವ ಗುಹೆಯನ್ನು ಕೆರೆಯ ಮೂಲೆಯಲ್ಲಿ ತೋರಿಸುತ್ತಾರೆ. ಇಲ್ಲಿನ ಮೂರ್ತಿ ಶಿಲೆಯದಲ್ಲ. ಕಡುಶರ್ಕರಪಾಕವೆಂಬ ಪುರಾತನ ವಿಧಾನದ್ದು. ದೇವಸ್ಥಾನದ ನೈವೇದ್ಯದ ಅನ್ನ ತಿಂದು ಬದುಕಿದ ಮೊಸಳೆ 'ಬಬಿಯಾ' 2022ರ ಅಕ್ಟೋಬರಿನಲ್ಲಿ ಇಲ್ಲವಾಯಿತು. ಅಂದು ಅದರ ಅಂತಿಮ ದರ್ಶನಕ್ಕೆ ಜನ ಸೇರಿದ್ದನ್ನು ಕಂಡವರು ಮರೆಯಲಾರರು. 2023ರ ನವೆಂಬರಿನಲ್ಲಿ ಮತ್ತೊಂದು ಮೊಸಳೆ ಅದೇ ಕೆರೆಯಲ್ಲಿ ಕಾಣಿಸಿಕೊಂಡಿತು. ಮಕ್ಕಳು ಇಲ್ಲಿಂದ ಬೇಗ ಹೊರಡಲು ಒಪ್ಪುವುದಿಲ್ಲವೆಂಬುದು ಗಮನದಲ್ಲಿರಲಿ. ಕಂಡರೆ ಭಾಗ್ಯ; ಕಾಣದಿದ್ದರೆ ಕಲ್ಲು ಎಸೆಯಬಾರದು.

ಮುಂದೆ ಹೆದ್ದಾರಿಗೆ ಮರಳಬೇಕಾಗಿಲ್ಲ. ಸೀತಾಂಗೋಳಿ, ಮಾಯಿಪ್ಪಾಡಿ, ಉಳಿಯತ್ತಡ್ಕ ಎಂದು ಒಳದಾರಿಯಲ್ಲಿ ಸಾಗಿದರೆ ಮಧೂರು. ಕುಂಬಳೆ ಅರಸರ ಅರಮನೆ ಮಾಯಿಪ್ಪಾಡಿಯಲ್ಲಿದೆ. ಮಧೂರಿನಲ್ಲಿ ಮಧುವಾಹಿನಿಯ ದಡ, ಆನೆಯ ಬೆನ್ನಿನಂತೆ ಬಾಗಿದ ಮೂರು ನೆಲೆಯ ಮಾಡು. ಪ್ರಧಾನ ದೇವರು ಮದನಂತೇಶ್ವರ; ಪ್ರಸಿದ್ಧಿ ಗಣಪತಿಯದು. ಉದ್ಭವಲಿಂಗವನ್ನು ಮೊದಲು ಕಂಡವಳು ಮದರು ಎಂಬ ಬಡ ಹೆಂಗಸು, ಅವಳ ಹೆಸರೇ ಊರಿನ ಹೆಸರಾಯಿತು ಎಂಬುದು ಐತಿಹ್ಯ. ಆಟವಾಡುತ್ತಿದ್ದ ಹುಡುಗ ಗೋಡೆಯ ಮೇಲೆ ಬರೆದ ಗಣಪತಿ ದಿನದಿನಕ್ಕೆ ದಪ್ಪವಾದ. ಆದ್ದರಿಂದ ಅವನು 'ಬೊಡ್ಡಜ್ಜ'. ಟಿಪ್ಪು ಸುಲ್ತಾನ ಇಲ್ಲಿಯ ಬಾವಿಯ ನೀರು ಕುಡಿದು ಮನಸ್ಸು ಬದಲಿಸಿ ಹೊರಟನೆಂದೂ, ಹೊರಡುವಾಗ ಸೈನಿಕರ ಸಮಾಧಾನಕ್ಕೆ ಕತ್ತಿಯಿಂದ ಒಂದು ಗುರುತು ಮಾತ್ರ ಮಾಡಿದನೆಂದೂ ಹೇಳುತ್ತಾರೆ. ಆ ಗುರುತನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಬಿಡಿ. ಬಾಯಿಗೆ ಅಪ್ಪದ ಪ್ರಸಾದ ಸಿಕ್ಕಿದರೆ ಮಧ್ಯಾಹ್ನದ ಬಿಸಿಲೂ ಹಗುರ.

ಊಟ ಮುಗಿಸಿ ಕಾಸರಗೋಡು ಪೇಟೆಗೆ ಬಂದರೆ ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಹತ್ತಿರ. ಕಾಸರಗೋಡು ಸೀರೆಯ ಕೈಮಗ್ಗವನ್ನು ನೋಡಬೇಕೆನ್ನುವವರು ವಾರದ ದಿನಗಳಲ್ಲಿ ಬರಬೇಕು. ಪೇಟೆಯನ್ನು ಬಿಟ್ಟೊಡನೆ ಚಂದ್ರಗಿರಿ ಹೊಳೆಯ ಸೇತುವೆ. ಕೊಡಗಿನ ಬೆಟ್ಟದಿಂದ ಪಯಸ್ವಿನಿಯಾಗಿ ಇಳಿದು ಬರುವ ಈ ಹೊಳೆ ತುಳುನಾಡಿನ ತೆಂಕಣ ಮೇರೆಯೆಂದು ಹಿರಿಯರ ಲೆಕ್ಕ. ಆಚೆ ದಡದಲ್ಲಿ ಚಂದ್ರಗಿರಿ ಕೋಟೆ.

ಬೇಕಲ ಕಾಸರಗೋಡಿನಿಂದ ಸುಮಾರು 16 ಕಿ.ಮೀ. ನಲ್ವತ್ತು ಎಕ್ರೆಯ ಈ ಮುರಕಲ್ಲಿನ ಕೋಟೆ ಕೇರಳದಲ್ಲೇ ಅತಿ ದೊಡ್ಡದು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಮುಂದೆ ಹೈದರಾಲಿಯ ಕೈಗೆ, 1799ರಲ್ಲಿ ಟಿಪ್ಪು ಮಡಿದ ಮೇಲೆ ಕುಂಪಣಿಯ ಕೈಗೆ ಬಂತು. ಆ ಬಳಿಕ ಕೆಲವು ಕಾಲ ದಕ್ಷಿಣ ಕನ್ನಡದ ಒಂದು ತಾಲೂಕಿನ ಹೆಸರೇ ಬೇಕಲ ಎಂದಿತ್ತು. 1995ರಲ್ಲಿ 'ಬಾಂಬೆ' ಚಿತ್ರದ ಹಾಡಿಗಾಗಿ ದೇಶವೆಲ್ಲ ಇದನ್ನು ಕಂಡಿತು. ಹಾಡಿನ ನೆನಪಿಗೆ ಬರುವವರು ಬರಲಿ. ಸಾಗರದಿಂದ ಇಷ್ಟು ದೂರ ಬಂದು ಕನ್ನಡದ ಅರಸನೊಬ್ಬ ಕಡಲಿಗೆ ಮುಖ ಮಾಡಿ ಕಟ್ಟಿಸಿದನೆಂಬುದನ್ನೂ ತಿಳಿದು ಹೋಗಲಿ. ಕೋಟೆಯ ಬಾಗಿಲು ಸಂಜೆ ಮುಚ್ಚುತ್ತದೆ. ನಾಲ್ಕಕ್ಕೆ ಒಳಗಿದ್ದರೆ ಬುರುಜು ಹತ್ತಲು ಸಮಯ ಸಾಕು. ಸೂರ್ಯಾಸ್ತಕ್ಕೆ ಪಕ್ಕದ ಮರಳುದಂಡೆ ಇದ್ದೇ ಇದೆ.

ಎರಡನೆಯ ದಾರಿ: ಗುಡ್ಡೆಯ ಬದಿ

ಇದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಮಳೆ ಬಿಟ್ಟ ಅಕ್ಟೋಬರ್, ನವೆಂಬರ್ ತಿಂಗಳು ಉತ್ತಮ. ಉಪ್ಪಳದ ಕೈಕಂಬದಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದರೆ ಪೈವಳಿಕೆ, ಬಾಯಾರು. ಈ ಕಡೆಯ ತೋಟಗಳಲ್ಲಿ ಸುರಂಗಗಳನ್ನು ಕಾಣಬಹುದು. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಆಳು ನಡೆಯುವಷ್ಟು ದಾರಿ ಮಾಡಿ, ಒಸರುವ ನೀರನ್ನು ಪಂಪಿನ ಹಂಗಿಲ್ಲದೆ ತೋಟಕ್ಕೆ ಹರಿಸುವ ವಿದ್ಯೆ ಅದು. ಹಾರೆ ಪಿಕ್ಕಾಸು ಹಿಡಿದು, ದೀಪದ ಬೆಳಕಿನಲ್ಲಿ ತಿಂಗಳುಗಟ್ಟಲೆ ಕೊರೆದವರ ಬೆವರು ಅದರಲ್ಲಿದೆ. ತೋಟದವರ ಅನುಮತಿ ಕೇಳಿಯೇ ನೋಡಬೇಕು. ಒಳಗೆ ಇಳಿಯುವ ಸಾಹಸ ಬೇಡ.

ಬಾಯಾರು, ಧರ್ಮತ್ತಡ್ಕದ ನಡುವೆ ಪೊಸಡಿ ಗುಂಪೆ. ಸಾವಿರ ಅಡಿಗೂ ಮಿಕ್ಕಿದ ಹುಲ್ಲುಗುಡ್ಡೆ. ಬಾನು ತಿಳಿಯಾಗಿದ್ದರೆ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ಸಾಲು ಒಟ್ಟಿಗೇ ಕಾಣುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಹತ್ತಿ ಇಳಿಯಬೇಕು, ಮೇಲೆ ನೆರಳಿಲ್ಲ.

ಒಳದಾರಿಯಾಗಿ ಬದಿಯಡ್ಕಕ್ಕೆ ಬಂದರೆ ಪೆರಡಾಲದಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ನೆನಪು. 1915ರಲ್ಲಿ ಹುಟ್ಟಿ ನೂರು ವರ್ಷ ತುಂಬಿ 2015ರಲ್ಲಿ ಅಗಲಿದ ಕವಿ. ಮಾಸ್ತರರಾಗಿ, ಕೃಷಿಕರಾಗಿ, ಕಾಸರಗೋಡಿನ ಕನ್ನಡದ ಕೂಗಾಗಿ ಬದುಕಿದವರು. ಅದೇ ರಸ್ತೆಯಲ್ಲಿ ಚೆರ್ಕಳದ ಕಡೆಗೆ ಸಾಗಿದರೆ ಎಡನೀರು ಮಠ. ಈ ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳ ಸರಕಾರದ ವಿರುದ್ಧ ಹೂಡಿದ ದಾವೆಯಲ್ಲೇ ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಮೂರ್ತಿಗಳ ಪೀಠ, 1973ರ ಎಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟೂ ಬದಲಿಸಲಾಗದೆಂದು ತೀರ್ಪಿತ್ತಿತು. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಓದುವ ಹೆಸರು ನಮ್ಮ ಹೊಳೆಬದಿಯ ಈ ಮಠದ್ದು. ಸ್ವಾಮೀಜಿಯವರು 2020ರ ಸೆಪ್ಟೆಂಬರಿನಲ್ಲಿ ಬ್ರಹ್ಮೈಕ್ಯರಾದರು. ಯಕ್ಷಗಾನಕ್ಕೆ, ಸಂಗೀತಕ್ಕೆ ಅವರು ಕೊಟ್ಟ ಆಶ್ರಯವನ್ನು ಕಲಾವಿದರು ಇಂದೂ ನೆನೆಯುತ್ತಾರೆ.

ಹೋಗುವವರಿಗೆ ಎರಡು ಮಾತು

ಕಾರಿಲ್ಲದವರು ಹಿಂಜರಿಯಬೇಕಾಗಿಲ್ಲ. ಮಂಗಳೂರು ಸೆಂಟ್ರಲಿನಿಂದ ಹೊರಡುವ ರೈಲುದಾರಿಯಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಬೇಕಲ ಕೋಟೆ ಎಲ್ಲಕ್ಕೂ ನಿಲ್ದಾಣಗಳಿವೆ. ಎಲ್ಲ ಗಾಡಿಗಳೂ ಸಣ್ಣ ನಿಲ್ದಾಣಗಳಲ್ಲಿ ನಿಲ್ಲವು. ವೇಳಾಪಟ್ಟಿ ನೋಡಿ ಹೊರಡಿ. ಮಂಗಳೂರು-ಕಾಸರಗೋಡು ನಡುವೆ ಎರಡೂ ರಾಜ್ಯಗಳ ಬಸ್ಸುಗಳು ಓಡುತ್ತವೆ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುವುದರಿಂದ ಅನಂತಪುರ, ಮಧೂರುಗಳನ್ನು ಪೂರ್ವಾಹ್ನಕ್ಕೇ ಮುಗಿಸಬೇಕು. ಗುಡ್ಡೆಯ ಮೇಲೆ ತಿಂದ ಬುತ್ತಿಯ ಪ್ಲಾಸ್ಟಿಕನ್ನು ಮನೆಗೇ ತನ್ನಿ.

ಇನ್ನೊಂದು ಮಾತು ಹೆಸರುಗಳ ಬಗ್ಗೆ. ಇಲ್ಲಿನ ಕೆಲವು ಊರುಗಳ ಹೆಸರನ್ನು ಬದಲಿಸುತ್ತಾರಂತೆ ಎಂಬ ಸುದ್ದಿ 2021ರಲ್ಲಿ ಹಬ್ಬಿ, ಅಂಥ ಯೋಚನೆ ಇಲ್ಲವೆಂದು ಕೇರಳ ಸರಕಾರ ಹೇಳಿತು. ಆದರೆ ಹೆಸರು ಅಳಿಯುವುದಕ್ಕೆ ಸರಕಾರದ ಆಜ್ಞೆಯೇ ಬೇಕೆಂದಿಲ್ಲ. ಮನೆಯಲ್ಲಿ ಆಡುವವರು ಇಲ್ಲವಾದರೆ ಸಾಕು. 'ಅಡ್ಕ' ಎಂದರೆ ಗುಡ್ಡೆಯ ಮೇಲಿನ ಬೋಳು ಬಯಲು ಎಂದು ತಿಳಿದ ಮಗುವಿಗೆ ಬದಿಯಡ್ಕ, ಧರ್ಮತ್ತಡ್ಕ, ಬೇಡಡ್ಕ ಎಂಬವು ಬರಿಯ ಬಸ್ಸಿನ ಬೋರ್ಡುಗಳಾಗಿ ಉಳಿಯುವುದಿಲ್ಲ. ಕಾಞಂಗಾಡಿನ ಪಕ್ಕದ ಹೊಸದುರ್ಗಕ್ಕೆ ಆ ಹೆಸರು ಕೆಳದಿಯವರ ಹೊಸ ಕೋಟೆಯಿಂದ ಬಂತೆಂದು ಬೇಕಲದ ಬುರುಜಿನ ಮೇಲೆ ನಿಂತು ಹೇಳಿದರೆ, ಅವರು ಅದನ್ನು ಮರೆಯುವುದೂ ಇಲ್ಲ.

ಕ್ರಿಸ್ಮಸ್ ರಜೆಯಲ್ಲಿ ಎರಡೂ ಮನೆಯ ಮಕ್ಕಳನ್ನು ಕರೆದುಕೊಂಡು ಮೊದಲ ದಾರಿಯಲ್ಲಿ ಹೋಗಿಬಂದೆವು. ಏಳನೆಯ ತರಗತಿಯ ಹುಡುಗಿ ಮಂಜೇಶ್ವರದಿಂದ ಬೇಕಲದವರೆಗೆ ಕಂಡ ಊರುಗಳ ಹೆಸರನ್ನೆಲ್ಲ ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಳು. ಇಪ್ಪತ್ತಮೂರು ಆದುವು. ಮಂಗಳೂರಿನ ಹುಡುಗ ಬಬಿಯಾನ ಕೆರೆಯ ಬಳಿ ಮುಕ್ಕಾಲು ತಾಸು ಕಾದ, ಮೊಸಳೆ ಏಳಲಿಲ್ಲ. ಶಿವರಾತ್ರಿಯ ರಜೆಗೆ ಮತ್ತೆ ಬರುತ್ತಾನಂತೆ.