ಆರದೆ ಉಳಿದ ದೀಪಗಳು

ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ಎದ್ದು ನಿಂತು ಅತ್ತಿಂದಿತ್ತ ನಡೆದಾಡುವ ಒಬ್ಬ ಮನುಷ್ಯನನ್ನು ನೋಡಲು ಅಮೆರಿಕೆಯ ಜನ 1919ರಲ್ಲಿ ಜಾತ್ರೆ ಸೇರಿದಂತೆ ಸೇರುತ್ತಿದ್ದರು. ಆತನ ಹೆಸರು ಆರ್ಮರ್ ಲಾಕ್ಲಿಯರ್. ಟೆಕ್ಸಾಸ್ ಸಂಸ್ಥಾನದ ಗ್ರೀನ್‌ವಿಲ್ ಎಂಬ ಊರಿನಲ್ಲಿ 1891ರಲ್ಲಿ ಹುಟ್ಟಿದ ಈತ ಮೊದಲು ಬಡಗಿಯಾಗಿದ್ದು, 1917ರಲ್ಲಿ ಸೈನ್ಯದ ವಿಮಾನದಳವನ್ನು ಸೇರಿದನು. ಅಲ್ಲಿನ ಪರೀಕ್ಷೆಯೊಂದರಲ್ಲಿ ನೆಲದಿಂದ ಮಿನುಗುವ ದೀಪದ ಸಂಕೇತವನ್ನು ಆಕಾಶದಿಂದ ಓದಬೇಕಾಗಿತ್ತು. ರೆಕ್ಕೆ ಅಡ್ಡವಾಗಿ ಸಂಕೇತ ಕಾಣದಿದ್ದಾಗ, ವಿಮಾನವನ್ನು ಜೊತೆಯವನ ಕೈಗೆ ಬಿಟ್ಟು ತಾನು ರೆಕ್ಕೆಯ ಮೇಲಕ್ಕೇ ತೆವಳಿಹೋಗಿ ಓದಿಕೊಂಡು ಬಂದನೆಂದು ಹೇಳುತ್ತಾರೆ. ಕಥೆಗೆ ಒಂದಿಷ್ಟು ಬಣ್ಣ ಬಿದ್ದಿರಬಹುದು; ಆದರೆ ಮುಂದೆ ಆತ ಸಾವಿರಾರು ಕಣ್ಣುಗಳ ಎದುರಿಗೆ ಮಾಡಿ ತೋರಿಸಿದ ಸಾಹಸಗಳನ್ನು ನೆನೆದರೆ, ಇದನ್ನು ನಂಬಲಾಗದೆಂದು ಹೇಳುವ ಧೈರ್ಯ ಯಾರಿಗೂ ಬಾರದು.

ಯುದ್ಧ ಮುಗಿದ ಮೇಲೆ ಸೈನ್ಯವನ್ನು ಬಿಟ್ಟ ಲಾಕ್ಲಿಯರ್, ಮಿಲ್ಟನ್ ಎಲಿಯಟ್ ಮತ್ತು ಶರ್ಲಿ ಶಾರ್ಟ್ ಎಂಬಿಬ್ಬರು ಗೆಳೆಯರೊಡನೆ ಊರೂರು ಸುತ್ತುವ ವಿಮಾನ ಸರ್ಕಸ್ಸನ್ನು ಕಟ್ಟಿದನು. ಕರ್ಟಿಸ್ ಜೆನ್ನಿ ಎಂಬ ಜೋಡಿರೆಕ್ಕೆಯ ಹಗುರ ವಿಮಾನ ಇವರ ಬಂಡವಾಳ. ಒಂದು ವಿಮಾನದಿಂದ ಇನ್ನೊಂದಕ್ಕೆ ಗಾಳಿಯಲ್ಲಿಯೇ ದಾಟುವುದು ಲಾಕ್ಲಿಯರನ ಮುಖ್ಯ ಆಟ. ಎಲಿಯಟ್ ಎಷ್ಟು ಸ್ಥಿರವಾಗಿ ವಿಮಾನವನ್ನು ಹಿಡಿದಿರುತ್ತಿದ್ದನೋ ಅಷ್ಟರ ಮೇಲೆ ಇವನ ಪ್ರಾಣ ನಿಂತಿತ್ತು. ಆದರೆ ಚಪ್ಪಾಳೆಯಲ್ಲಿ ಎಲಿಯಟನ ಪಾಲು ಸಣ್ಣದು.

ಇಂತಹ ಮನುಷ್ಯ ಹಾಲಿವುಡ್ಡಿನ ಕಣ್ಣಿಗೆ ಬೀಳದಿರುವುದುಂಟೆ? 1919ರಲ್ಲಿ ಯೂನಿವರ್ಸಲ್ ಸಂಸ್ಥೆ ಈತನನ್ನು ನಾಯಕನನ್ನಾಗಿ ಮಾಡಿ ‘ದಿ ಗ್ರೇಟ್ ಏರ್ ರಾಬರಿ’ ಎಂಬ ಮೂಕಚಿತ್ರವನ್ನು ತೆಗೆಯಿತು. ಮರುವರ್ಷ ಫಾಕ್ಸ್ ಸಂಸ್ಥೆ ಕರೆಸಿಕೊಂಡಿತು. ಹೆದ್ದಾರಿಯ ದರೋಡೆಗಾರನಿಗೆ ಇಂಗ್ಲಿಷಿನಲ್ಲಿರುವ ಪದವನ್ನೇ ತುಸು ತಿರುಚಿ ಆಕಾಶಕ್ಕೇರಿಸಿ ಹೊಸ ಚಿತ್ರಕ್ಕೆ ‘ದಿ ಸ್ಕೈವೇಮನ್’ ಎಂದು ಹೆಸರಿಟ್ಟರು. ನಿರ್ದೇಶಕ ಜೇಮ್ಸ್ ಹೋಗನ್. ನಾಯಕಿ ಆಸ್ಟ್ರೇಲಿಯದಿಂದ ಬಂದ ಲೂಯಿಸ್ ಲವ್ಲಿ. ಯುದ್ಧದಲ್ಲಿ ನೆನಪನ್ನು ಕಳೆದುಕೊಂಡ ವಿಮಾನಿಯೊಬ್ಬನ ಕಥೆ ಅದು. ಕಥೆ ನೆಪಮಾತ್ರ, ಜನರಿಗೆ ಬೇಕಾಗಿದ್ದುದು ಸಾಹಸ. ಚರ್ಚಿನ ಗೋಪುರವನ್ನು ವಿಮಾನದಿಂದ ಉರುಳಿಸುವ ದೃಶ್ಯ ಮತ್ತು ವಿಮಾನದಿಂದ ಓಡುವ ರೈಲಿಗೆ ಇಳಿಯುವ ದೃಶ್ಯ ಎರಡರಲ್ಲಿಯೂ ಆತ ಕೂದಲೆಳೆಯಷ್ಟರಲ್ಲಿ ಉಳಿದುಕೊಂಡನು.

ಉಳಿದದ್ದು ಕೊನೆಯ ದೃಶ್ಯ. ರಾತ್ರಿಯ ಕತ್ತಲಿನಲ್ಲಿ ವಿಮಾನ ಗಿರಗಿರನೆ ತಿರುಗುತ್ತ ಕೆಳಕ್ಕೆ ಬೀಳುವಂತೆ ಕಾಣಬೇಕು. ಇದನ್ನು ಹಗಲಿನಲ್ಲಿಯೇ ತೆಗೆಯುವುದೆಂದು ಸಂಸ್ಥೆ ಯೋಚಿಸಿತ್ತು. ಕ್ಯಾಮೆರಾದ ಮುಂದೆ ಕೆಂಪುಗಾಜನ್ನಿಟ್ಟರೆ ನೀಲಿ ಆಕಾಶ ಫಿಲ್ಮಿನಲ್ಲಿ ಕಪ್ಪಾಗಿ ಮೂಡುತ್ತದೆ. ನೋಡುವವರು ಇರುಳೆಂದೇ ತಿಳಿಯುತ್ತಾರೆ. ಅಗ್ಗದ ಉಪಾಯ, ಅಪಾಯವೂ ಕಡಿಮೆ. ಲಾಕ್ಲಿಯರ್ ಒಪ್ಪಲಿಲ್ಲ, ನಿಜವಾದ ರಾತ್ರಿಯಲ್ಲಿಯೇ ಹಾರುವೆನೆಂದು ಹಟ ಹಿಡಿದನು. ಇದನ್ನು ಶೌರ್ಯವೆನ್ನುವುದಕ್ಕಿಂತ ಕಸುಬಿನ ಅಭಿಮಾನವೆನ್ನುವುದು ಮೇಲು. ಅಭಿಮಾನವೂ ಬೆಲೆ ಕೇಳುತ್ತದೆ.

1920ರ ಆಗಸ್ಟ್ 2ರ ರಾತ್ರಿ. ಲಾಸ್ ಏಂಜಲೀಸಿನ ಡಿಮಿಲ್ ವಿಮಾನ ಮೈದಾನದಲ್ಲಿ ಚಿತ್ರತಂಡದವರೊಡನೆ ನೋಡಲು ಬಂದ ಜನರೂ ಸೇರಿದ್ದರು. ಲಾಕ್ಲಿಯರನಿಗೆ ಆಪ್ತಳಾಗಿದ್ದ ತಾರೆ ವಯೋಲಾ ಡೇನಾ ಕೂಡ ಅವರಲ್ಲಿದ್ದಳು. ಆತನಿಗೆ ಊರಿನಲ್ಲಿ ಹೆಂಡತಿಯಿದ್ದಳೆಂಬುದು ಬೇರೆ ಮಾತು. ಎಲಿಯಟ್ ಎಂದಿನಂತೆ ಜೊತೆಯಲ್ಲಿ ಕುಳಿತನು. ನೆಲದ ಮೇಲಿನ ದೊಡ್ಡ ಆರ್ಕ್ ದೀಪಗಳು ಆಕಾಶದಲ್ಲಿ ವಿಮಾನವನ್ನು ಹಿಡಿದು ತೋರಿಸಬೇಕು. ವಿಮಾನ ಸುತ್ತುತ್ತ ಎಣ್ಣೆಬಾವಿಗಳ ಗೋಪುರಗಳ ಸಮೀಪಕ್ಕೆ ಬಂದೊಡನೆ ಅವುಗಳನ್ನು ಆರಿಸಬೇಕು. ಆಗ ನೆಲ ಎಲ್ಲಿದೆಯೆಂದು ಕಂಡು ವಿಮಾನವನ್ನು ಮೇಲಕ್ಕೆತ್ತಿಕೊಳ್ಳುವೆನೆಂದು ಲಾಕ್ಲಿಯರ್ ಮೊದಲೇ ಎಚ್ಚರಿಸಿದ್ದನು. ವಿಮಾನ ಸುತ್ತುತ್ತ ಇಳಿಯಿತು. ದೀಪಗಳು ಆರಲಿಲ್ಲ. ಆ ಪ್ರಖರ ಬೆಳಕಿಗೆ ಕಣ್ಣು ಕೋರೈಸಿ ಆತನಿಗೆ ನೆಲವೇ ಕಾಣಲಿಲ್ಲವೆಂದು ತಿಳಿದವರು ಹೇಳುತ್ತಾರೆ. ವಿಮಾನ ಎಣ್ಣೆಬಾವಿಯೊಂದರ ಪಕ್ಕದ ಕೆಸರುಗುಂಡಿಗೆ ಅಪ್ಪಳಿಸಿತು. ಇಬ್ಬರೂ ತತ್‌ಕ್ಷಣವೇ ಮಡಿದರು. ಲಾಕ್ಲಿಯರನಿಗೆ ಆಗಿನ್ನೂ 28 ವರ್ಷ.

ಕ್ಯಾಮೆರಾ ಮಾತ್ರ ಓಡುತ್ತಲೇ ಇದ್ದಿತು.

ಐದು ವಾರಗಳು ತುಂಬುವ ಮೊದಲೇ, ಸೆಪ್ಟೆಂಬರ್ 5ರಂದು ಚಿತ್ರ ಬಿಡುಗಡೆಯಾಯಿತು. ಆ ಬೀಳುವಿಕೆಯನ್ನು ಕತ್ತರಿಸಿ ಹಾಕಲಿಲ್ಲ; ಅದನ್ನೇ ಮುಂದುಮಾಡಿ ಜಾಹೀರಾತು ಕೊಟ್ಟರು. ಲಾಭದಲ್ಲಿ ಶೇಕಡ 10ರಷ್ಟನ್ನು ಸತ್ತವರ ಸಂಸಾರಗಳಿಗೆ ಕೊಡುವುದಾಗಿ ಸಂಸ್ಥೆ ಸಾರಿತು. ಉಳಿದ 90 ಭಾಗದ ಮಾತು ಆ ಪ್ರಕಟಣೆಯಲ್ಲಿ ಬರುವ ಅಗತ್ಯವಿರಲಿಲ್ಲ. ಸೀಟಿನ ಅಂಚಿಗೆ ಬಂದು ಕುಳಿತ ಪ್ರೇಕ್ಷಕ ನೋಡುತ್ತಿದ್ದುದು ನಟನೆಯನ್ನಲ್ಲ, ಇಬ್ಬರ ನಿಜವಾದ ಸಾವನ್ನು.

ಆ ದೃಶ್ಯವನ್ನು ಇಂದು ನೋಡಬೇಕೆಂದರೂ ಸಾಧ್ಯವಿಲ್ಲ. ‘ದಿ ಸ್ಕೈವೇಮನ್’ ಚಿತ್ರದ ಒಂದು ಪ್ರತಿಯೂ ಉಳಿದು ಬಂದಿಲ್ಲ. ಆ ಕಾಲದ ಫಿಲ್ಮು ನೈಟ್ರೇಟಿನಿಂದ ಮಾಡಿದ್ದು. ಇಟ್ಟಲ್ಲಿಯೇ ಕೊಳೆಯುವುದು, ಬಿಸಿಲು ಹೆಚ್ಚಿದರೆ ತಾನಾಗಿ ಹೊತ್ತಿಕೊಳ್ಳುವುದು ಅದರ ಸ್ವಭಾವ. 1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟಲ್ ಫೆರಿ ಎಂಬಲ್ಲಿ ಫಾಕ್ಸ್ ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಅದರ ಮೂಕಚಿತ್ರಗಳ ಬಹುಪಾಲು ಬೂದಿಯಾಯಿತು. ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಆ ದೇಶದಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಚಿತ್ರಗಳಲ್ಲಿ ಶೇಕಡ 70ರಷ್ಟು ಸಂಪೂರ್ಣವಾಗಿ ನಾಶವಾಗಿವೆ. ಲಾಕ್ಲಿಯರನ ಮೊದಲ ಚಿತ್ರವೂ ಅವುಗಳಲ್ಲೊಂದು. ಈಗ ಸಿಗುವುದು ಕೆಲವು ಛಾಯಾಚಿತ್ರಗಳು, ಹಳೆಯ ಪತ್ರಿಕೆಗಳ ಜಾಹೀರಾತುಗಳು.

ಇನ್ನೊಂದೂ ಇದೆ. ಆ ರಾತ್ರಿ ಮೈದಾನದಲ್ಲಿ ನಿಂತಿದ್ದ ವಯೋಲಾ ಡೇನಾ ತೊಂಬತ್ತು ವರ್ಷ ಬದುಕಿ 1987ರಲ್ಲಿ ತೀರಿಕೊಂಡಳು. 1980ರಲ್ಲಿ ‘ಹಾಲಿವುಡ್’ ಎಂಬ ಸಾಕ್ಷ್ಯಚಿತ್ರಮಾಲೆ ಬಂದಾಗ ಅದರಲ್ಲಿ ಕಾಣಿಸಿಕೊಂಡು, ಅರುವತ್ತು ವರ್ಷಗಳ ಹಿಂದಿನ ಲಾಕ್ಲಿಯರನ ಕುರಿತು ಆಕೆ ಮಾತನಾಡಿದಳು. ಆ ಮಾತು ಫಿಲ್ಮಿನಲ್ಲಿ ಭದ್ರವಾಗಿದೆ.